ಹೆಪ್ಪುಗಟ್ಟದ ನೀರು

ಸಂಪಾಜೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಘಾಟಿಯ ಮೇಲಿನ ಮಡಿಕೇರಿಯಲ್ಲಿ ಡಿಸೆಂಬರಿನ ಬೆಳಗು ಕೈ ಮರಗಟ್ಟಿಸುತ್ತದೆ, ನಿಜ. ಆದರೆ ಘಾಟಿ ಇಳಿದು ಪಯಸ್ವಿನಿಯ ದಡಕ್ಕೆ ಬಂದ ಮೇಲೆ ಚಳಿಗಾಲವೆಂದರೆ ಒಂದು ಶಾಲು, ಒಂದು ಲೋಟ ಕಾಫಿಯಲ್ಲಿ ಮುಗಿಯುವ ವಿಷಯ. ಹಾಗಾಗಿ ಹಳೆಯ ಟ್ರ್ಯಾಕ್ಟರಿನ ಹೈಡ್ರಾಲಿಕ್ಕನ್ನು ಹಿಮದಿಂದ ಕಾಪಾಡುವುದು ಹೇಗೆ ಎಂದು ಕೆನಡಾದ ರೈತರು ತಲೆ ಕೆಡಿಸಿಕೊಂಡರೆ ಅಡಿಕೆ ತೋಟದವರಿಗೆ ಅದರಿಂದ ಏನಾಗಬೇಕು ಎಂದು ಯಾರಾದರೂ ಕೇಳಿಯಾರು. ಆಗಬೇಕಾದದ್ದು ಬಹಳ ಇದೆ ಎನ್ನುವುದು ನನ್ನ ವಾದ. ಹಿಮದ ಊರಿನ ಟ್ರ್ಯಾಕ್ಟರನ್ನು ಕೆಡಿಸುವುದೂ ಸೋಗೆ ಹೊದಿಸಿದ ನಮ್ಮ ಕೊಟ್ಟಿಗೆಯ ಟ್ರ್ಯಾಕ್ಟರನ್ನು ಕೆಡಿಸುವುದೂ ಹೆಚ್ಚಿನ ಸಲ ಒಂದೇ ವಸ್ತು: ಎಣ್ಣೆಯೊಳಗೆ ಸೇರಿಕೊಂಡ ನೀರು. ಅಲ್ಲಿ ಅದು ಒಂದು ಬೆಳಗ್ಗೆ ಗಡ್ಡೆಕಟ್ಟಿ ಯಂತ್ರವನ್ನೇ ನಿಲ್ಲಿಸಿ ತಾನಿರುವುದನ್ನು ಹೇಳಿಬಿಡುತ್ತದೆ. ಇಲ್ಲಿ ಹಾಗೆ ಹೇಳುವವರಿಲ್ಲ. ಮೂರು ನಾಲ್ಕು ಮಳೆಗಾಲ ಸದ್ದಿಲ್ಲದೆ ತಿಂದು, ಕೊನೆಗೆ ಪಂಪು ಹೋಯಿತು ಎಂದಾಗ ನಾವು ಕಂಪೆನಿಗೆ ಬಯ್ಯುತ್ತೇವೆ.

ಯಂತ್ರದ ಹೊಟ್ಟೆಯೊಳಗೆ ಸ್ವಲ್ಪ ಇಣುಕದೆ ಈ ಮಾತು ಅರ್ಥವಾಗುವುದಿಲ್ಲ. ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಗಾಡಿಯಂತೆ ಎಳೆದುಕೊಂಡು ಹೋಗುವ ಬದಲು, ಮೂರು ಕಡೆ ಸಿಕ್ಕಿಸಿ ಎಣ್ಣೆಯ ಒತ್ತಡದಿಂದ ಎತ್ತಿಳಿಸುವ ಏರ್ಪಾಟಿಗೆ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ 1926ರಲ್ಲಿ ಪೇಟೆಂಟ್ ಪಡೆದರು. ಅದೇ ಏರ್ಪಾಟು 1939ರ ಫೋರ್ಡ್ 9ಎನ್ ಮಾದರಿಯಲ್ಲಿ ಅಮೆರಿಕದ ಹೊಲಗಳಿಗೆ ಇಳಿಯಿತು. 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಟಿಇ20 ಟ್ರ್ಯಾಕ್ಟರುಗಳು ಐದು ಲಕ್ಷಕ್ಕೂ ಮಿಕ್ಕಿ ಮಾರಾಟವಾದವು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರ ತಂಡ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಈ ಪುಟ್ಟ ಟ್ರ್ಯಾಕ್ಟರುಗಳ ಮೇಲೆಯೇ. ಫರ್ಗ್ಯೂಸನ್ ಕಂಪೆನಿ 1953ರಲ್ಲಿ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು. 1960ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಟಾಫೆ ಆ ವಂಶದ ಟ್ರ್ಯಾಕ್ಟರುಗಳನ್ನು ನಮ್ಮ ಹಳ್ಳಿಗಳಿಗೆ ತಲಪಿಸಿತು. ಈ ವಂಶದ ಹಳೆಯ ಯಂತ್ರಗಳಲ್ಲಿ ಹೈಡ್ರಾಲಿಕ್ಕಿಗೆಂದು ಬೇರೆ ಟ್ಯಾಂಕ್ ಇರುವುದಿಲ್ಲ. ಗೇರುಗಳು ಮುಳುಗಿರುವ ಎಣ್ಣೆಯನ್ನೇ ಪಂಪು ಹೀರಿ ಲಿಫ್ಟಿಗೆ ಕೊಡುತ್ತದೆ, ಪಂಪು ಕುಳಿತಿರುವುದು ಆ ಎಣ್ಣೆಯ ತಳದಲ್ಲಿ. ನೀರು ಎಣ್ಣೆಗಿಂತ ಭಾರ. ಒಳಗೆ ಬಿದ್ದ ನೀರು ನೇರ ಹೋಗಿ ಕೂರುವುದೂ ಅದೇ ತಳದಲ್ಲಿ. (ಟಿಲ್ಲರ್ ಮಾತ್ರ ಇಟ್ಟುಕೊಂಡವರು ಲಿಫ್ಟಿನ ಚಿಂತೆ ಬಿಡಬಹುದು, ಗೇರ್ ಆಯಿಲ್ ವಿಷಯದಲ್ಲಿ ಅವರಿಗೂ ವಿನಾಯಿತಿಯಿಲ್ಲ.)

ಹಿಮದ ದೇಶಗಳಲ್ಲಿ ಚಳಿ ಎರಡು ರೀತಿಯ ತೊಂದರೆ ಕೊಡುತ್ತದೆ. ಒಂದು, ಎಣ್ಣೆಯೇ ದಪ್ಪವಾಗುವುದು. ಡಬ್ಬದ ಮೇಲಿನ 46, 68 ಎಂಬ ಅಂಕಿ 40 ಡಿಗ್ರಿ ಬಿಸಿಯಲ್ಲಿ ಆ ಎಣ್ಣೆ ಎಷ್ಟು ಗಟ್ಟಿ ಎಂಬುದರ ಅಳತೆ. ಅದೇ ಎಣ್ಣೆ ಸೊನ್ನೆ ಡಿಗ್ರಿಗೆ ಬರುವಷ್ಟರಲ್ಲಿ ಹತ್ತು ಪಟ್ಟಿಗೂ ಹೆಚ್ಚು ದಪ್ಪವಾಗಿರುತ್ತದೆ. ಪಂಪು ಜೇನುತುಪ್ಪ ಹೀರಲು ಹೊರಟಂತೆ ಒದ್ದಾಡಿ ಕಿರುಚುತ್ತದೆ. ಅದಕ್ಕೆ ಅಲ್ಲಿನವರು ತೆಳು ಎಣ್ಣೆ ಹಾಕುತ್ತಾರೆ, ಎಂಜಿನ್ ಚಾಲೂ ಮಾಡಿ ಬೆಚ್ಚಗಾಗುವವರೆಗೆ ಲಿಫ್ಟ್ ಮುಟ್ಟದೆ ಕಾಯುತ್ತಾರೆ. ಈ ಭಾಗ ನಮಗೆ ಬೇಕಾಗಿಲ್ಲ. ಸಂಪಾಜೆಯ ಅತಿ ತಂಪು ಬೆಳಗಿನಲ್ಲೂ ಕಂಪೆನಿ ಹೇಳಿದ ನಂಬರಿನ ಎಣ್ಣೆ ಸಲೀಸಾಗಿ ಹರಿಯುತ್ತದೆ. ಎರಡನೆಯದೇ ಮುಖ್ಯ. ತಳದ ನೀರು ಗಡ್ಡೆಕಟ್ಟಿ ಪಂಪಿನ ಬಾಯನ್ನೂ ವಾಲ್ವನ್ನೂ ಹಿಡಿದುಬಿಡುತ್ತದೆ. ನಿನ್ನೆ ಎತ್ತಿದ ಲಿಫ್ಟ್ ಇಂದು ಎತ್ತುವುದಿಲ್ಲ. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಏನೂ ಆಗದವರಂತೆ ಎತ್ತುತ್ತದೆ. ಆಗ ಕಾರಣ ಹುಡುಕಲು ದೊಡ್ಡ ಮೆಕ್ಯಾನಿಕ್ ಬೇಕಾಗಿಲ್ಲ. ನೀರಿದೆ, ಕೆಳಗಿನ ಪ್ಲಗ್ ಬಿಚ್ಚು ಎಂದು ಥರ್ಮಾಮೀಟರೇ ಹೇಳಿದಂತಾಯಿತು. ಅಲ್ಲಿನವರಿಗೆ ಚಳಿ ವರ್ಷಕ್ಕೊಮ್ಮೆ ಬಂದು ಲೆಕ್ಕ ಕೇಳುವ ಆಡಿಟರ್ ಇದ್ದ ಹಾಗೆ. ನಮಗೆ ಆ ಆಡಿಟರ್ ಇಲ್ಲ.

ಹಾಗಾದರೆ ಇಲ್ಲಿ ಎಷ್ಟು ನೀರು ಒಳಗೆ ಹೋದೀತು? ಒಂದು ಸರಳ ಲೆಕ್ಕ ಮಾಡೋಣ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4000 ಮಿಲಿಮೀಟರ್. ಘಾಟಿಯ ಬುಡದಲ್ಲಿರುವ ಸಂಪಾಜೆಗೆ ಮಳೆಯ ಬಡತನ ಯಾವತ್ತೂ ಇಲ್ಲ. ಗೇರ್ ಲಿವರಿನ ಬುಡದಲ್ಲಿ ರಬ್ಬರಿನ ಟೊಪ್ಪಿಯೊಂದು ಇರುತ್ತದೆ. ಅದರ ಸುತ್ತಲಿನ ಜಾಗ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಅಂದರೆ ಅಂಗೈಯಷ್ಟು ಎಂದಿಟ್ಟುಕೊಳ್ಳಿ. ಬಯಲಲ್ಲಿ ನಿಂತ ಟ್ರ್ಯಾಕ್ಟರಿನ ಈ ಅಂಗೈಯಗಲದ ಜಾಗದ ಮೇಲೆ ವರ್ಷಕ್ಕೆ 40 ಲೀಟರ್ ನೀರು ಬೀಳುತ್ತದೆ. 100 ಮಿಲಿಮೀಟರ್ ಮಳೆ ಹೊಡೆದ ಒಂದೇ ದಿನ ಒಂದು ಲೀಟರ್. ಹಳೆಯ ಟ್ರ್ಯಾಕ್ಟರುಗಳಲ್ಲಿ ಆ ರಬ್ಬರ್ ಬಿರಿದಿರುತ್ತದೆ, ಇಲ್ಲವೇ ಯಾವುದೋ ಕಾಲದಲ್ಲಿ ಉದುರಿಹೋಗಿ ಬದಲಿಗೆ ಗೋಣಿ ತುಂಡು ಸುತ್ತಿರುತ್ತಾರೆ. ಬಿದ್ದ ನೀರಿನ ನೂರರಲ್ಲಿ ಒಂದು ಪಾಲು ಲಿವರಿನ ಗುಂಟ ಒಳಗಿಳಿದರೂ ಆ ದಿನಕ್ಕೆ 10 ಮಿಲಿಲೀಟರ್, ಎರಡು ಟೀ ಚಮಚ. ಅಷ್ಟೇನಾ ಎನ್ನಬೇಡಿ. ಸಾಮಾನ್ಯ ಹೈಡ್ರಾಲಿಕ್ ಎಣ್ಣೆ ತನ್ನಲ್ಲಿ ಕರಗಿಸಿಕೊಳ್ಳಬಲ್ಲ ನೀರು ಲಕ್ಷ ಭಾಗಕ್ಕೆ ಇಪ್ಪತ್ತು ಮೂವತ್ತು ಭಾಗ ಮಾತ್ರ. ಮೂವತ್ತು ಲೀಟರ್ ಎಣ್ಣೆಗೆ ಇದು ಒಂದೂವರೆ ಎರಡು ಚಮಚ ಅಷ್ಟೆ. ಅದರಾಚೆಗಿನ ಪ್ರತಿ ಹನಿಯೂ ಕರಗದೆ ಉಳಿದು, ಒಂದೋ ತಳಕ್ಕೆ ಕೂರುತ್ತದೆ, ಇಲ್ಲವೇ ಗೇರುಗಳ ನಡುವೆ ಕಡೆದು ಎಣ್ಣೆಯನ್ನು ಮಜ್ಜಿಗೆ ಮಾಡುತ್ತದೆ. ಆಷಾಢದ ಒಂದೇ ಹಗಲಿನ ಮಳೆ ಸಾಕು ಎಂದಾಯಿತು.

ಗಾಳಿಯ ತೇವವೇ ಎಲ್ಲಕ್ಕೂ ಕಾರಣ ಎನ್ನುವವರಿದ್ದಾರೆ. ಲಿಫ್ಟ್ ಏರುವಾಗ ಎಣ್ಣೆ ಸಿಲಿಂಡರಿಗೆ ಹೋಗಿ ಖಾಲಿಯಾದ ಜಾಗಕ್ಕೆ ಹೊರಗಿನ ಹಸಿ ಗಾಳಿ ನುಗ್ಗುತ್ತದೆ, ರಾತ್ರಿ ತಣಿದಾಗ ಅದು ನೀರಾಗುತ್ತದೆ ಎಂಬುದು ಅವರ ಮಾತು. ಆಗುವುದು ನಿಜ, ಆದರೆ ಪ್ರಮಾಣ ಚಿಕ್ಕದು. ಮಳೆಗಾಲದ ಬೆಚ್ಚನೆಯ ಗಾಳಿ ಒಂದು ಘನ ಮೀಟರಿಗೆ 25ರಿಂದ 30 ಗ್ರಾಂ ನೀರನ್ನಷ್ಟೇ ಹೊರಬಲ್ಲದು. ಒಂದು ಸಲಕ್ಕೆ ಹತ್ತು ಲೀಟರ್ ಗಾಳಿ ಒಳಗೆ ಬಂತೆಂದೇ ಇಟ್ಟುಕೊಂಡರೂ ಅದರಲ್ಲಿ ಇರುವುದು ಹೆಚ್ಚೆಂದರೆ ಗ್ರಾಂನ ಮೂರನೇ ಒಂದು ಪಾಲು, ಅದರಲ್ಲೂ ಬಹುಪಾಲು ಹಾಗೆಯೇ ಹೊರಗೆ ಹೋಗುತ್ತದೆ. ಗಾಳಿಯ ತೇವ ಎಣ್ಣೆಯ ಆ ಎರಡು ಚಮಚದ ಶಕ್ತಿಯನ್ನು ಜೂನ್ ಮುಗಿಯುವುದರೊಳಗೆ ತುಂಬಿಬಿಡಬಹುದು. ನಂತರ ಬಂದ ನೀರಿಗೆ ಕರಗಲು ಜಾಗವಿರದಂತೆ ಮಾಡುವುದೇ ಅದರ ಪಾತ್ರ. ನಿಜವಾದ ಕಳ್ಳದಾರಿಗಳು ಬೇರೆ: ಬಿರಿದ ಟೊಪ್ಪಿ, ಸಡಿಲಾದ ಮುಚ್ಚಳ, ಎಣ್ಣೆ ಮಟ್ಟ ನೋಡುವ ಕಡ್ಡಿಯ ತೂತು, ಸವೆದ ಸೀಲು, ಇವೆಲ್ಲಕ್ಕಿಂತ ಹೆಚ್ಚಾಗಿ ನಾವೇ ಪ್ರೀತಿಯಿಂದ ಮಾಡಿಸುವ ವಾಟರ್ ಸರ್ವಿಸ್. ಮಳೆ ಮೇಲಿನಿಂದ ತನ್ನ ಭಾರಕ್ಕೆ ಬೀಳುತ್ತದೆ. ಪೈಪಿನ ನೀರು ಒತ್ತಡದಿಂದ ಸೀಲಿನ ಅಂಚಿಗೇ ನುಗ್ಗುತ್ತದೆ. ಅಡಿಕೆಯವರಿಗೆ ಇನ್ನೂ ಒಂದು ದಾರಿಯಿದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆಗಾಲದಲ್ಲೇ. ಆ ಪದ್ಧತಿಯನ್ನು ಅಡಿಕೆಗೆ ತಂದ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೆನಡಾದವರು, ಹಿಮದ ನಾಡಿನಿಂದಲೇ ಬಂದವರು. ದ್ರಾವಣದ ಡ್ರಮ್ಮು ಹೊತ್ತ ಟ್ರ್ಯಾಕ್ಟರಿನ ಮೇಲೆ ಮೈಲುತುತ್ತಿನ ನೀರು ಚೆಲ್ಲದಿರುವುದಿಲ್ಲ. ಅದು ಕಬ್ಬಿಣವನ್ನು ಎಷ್ಟು ಬೇಗ ತಿನ್ನುತ್ತದೆಂದು ತೋಟದಲ್ಲಿ ಕೆಲಸ ಮಾಡಿದ ಯಾರಿಗೂ ಹೇಳಬೇಕಾಗಿಲ್ಲ. ಮೈಲುತುತ್ತಿನ ಜೊತೆ ಒಳಗೆ ಸೇರಿದ ತಾಮ್ರ ಎಣ್ಣೆಯನ್ನೂ ಬೇಗ ಹಳಸುತ್ತದೆ ಎಂಬುದು ಅಷ್ಟಾಗಿ ತಿಳಿಯದ ಮಾತು.

ಒಳಗೆ ಕೂತ ನೀರು ಮಾಡುವ ಕೆಲಸ ಸಣ್ಣದಲ್ಲ. ಹೈಡ್ರಾಲಿಕ್ ವಾಲ್ವಿನೊಳಗೆ ಜಾರುವ ಉಕ್ಕಿನ ಕಡ್ಡಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಮೈಕ್ರಾನ್‌ಗಳ ಲೆಕ್ಕದ್ದು, ತಲೆಕೂದಲಿನ ದಪ್ಪದ ನಾಲ್ಕನೇ ಒಂದು ಪಾಲಿಗೂ ಕಡಿಮೆ. ಅಷ್ಟು ಸಣ್ಣ ಸಂದಿನಲ್ಲಿ ಎಣ್ಣೆಯ ಪದರ ಹರಿದು ನೀರು ತಾಗಿದ ಕಡೆ ತುಕ್ಕಿನ ಚುಕ್ಕೆ ಏಳುತ್ತದೆ. ಚುಕ್ಕೆ ಕಳಚಿ ಪುಡಿಯಾಗಿ ಮುಂದಿನ ಸಂದನ್ನು ಗೀರುತ್ತದೆ. ಪಂಪಿನ ಸವೆತ ತಡೆಯಲೆಂದು ಎಣ್ಣೆಗೆ ಬೆರೆಸಿರುವ ಸತುವಿನ ಸಂಯುಕ್ತವೂ ನೀರು ಮತ್ತು ಬಿಸಿ ಸೇರಿದಾಗ ಒಡೆಯುತ್ತದೆ. ಹೊರಗೆ ಕಾಣುವ ಲಕ್ಷಣ ಮಾತ್ರ ತಡವಾಗಿ ಬರುತ್ತದೆ: ಎತ್ತಿ ನಿಲ್ಲಿಸಿದ ಹಲುಬೆ ತಾನಾಗಿ ಕುಸಿಯುವುದು, ಭಾರ ಎತ್ತುವಾಗ ತಡವರಿಸುವುದು, ಪಂಪು ಗೊರಗುಟ್ಟುವುದು. ಆಗ ಗ್ಯಾರೇಜಿನಲ್ಲಿ ಸಿಗುವ ಸುಲಭ ಸಲಹೆ, ಸ್ವಲ್ಪ ದಪ್ಪ ಎಣ್ಣೆ ಹಾಕಿ ನೋಡಿ ಎಂಬುದು. ಸವೆದ ಪಂಪಿನಲ್ಲಿ ದಪ್ಪ ಎಣ್ಣೆ ಸೋರಿಕೆಯನ್ನು ಕೆಲವು ತಿಂಗಳು ಮುಚ್ಚಿಡುತ್ತದೆ, ನಿಜ. ಒಳಗಿನ ನೀರನ್ನು ಅದು ಹೊರಗೆ ಹಾಕುವುದಿಲ್ಲ.

ಇಲ್ಲಿಗೆ ಎರಡು ಮೂರು ಆಕ್ಷೇಪಗಳು ಬರುತ್ತವೆ, ಯಾವುದೂ ಹುರುಳಿಲ್ಲದ್ದಲ್ಲ. ಯಂತ್ರ ಓಡಿದರೆ ಎಣ್ಣೆ ಬಿಸಿಯಾಗುತ್ತದೆ, ನೀರು ಆವಿಯಾಗಿ ತಾನೇ ಹೋಗುತ್ತದೆ ಎಂಬುದು ಮೊದಲನೆಯದು. ಬಯಲುಸೀಮೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಹೂಡುವ ಟ್ರ್ಯಾಕ್ಟರಿನ ಮಟ್ಟಿಗೆ ಇದರಲ್ಲಿ ಸತ್ಯವಿದೆ. ತೋಟದ ಟ್ರ್ಯಾಕ್ಟರಿನ ದಿನಚರಿ ಹಾಗಲ್ಲ. ಹಟ್ಟಿಗೊಬ್ಬರ ತುಂಬಿಸಿ ಇನ್ನೂರು ಮೀಟರ್ ಹೋಗುವುದು, ಅರ್ಧ ಗಂಟೆ ನಿಲ್ಲುವುದು, ಸೌದೆ ತರುವುದು, ಮತ್ತೆ ನಿಲ್ಲುವುದು. ಮೂವತ್ತು ಲೀಟರ್ ಎಣ್ಣೆ ಅಷ್ಟರಲ್ಲಿ ಉಗುರುಬೆಚ್ಚಗಾದರೆ ಹೆಚ್ಚು, ಆ ಬಿಸಿಗೆ ಹೋಗುವ ಆವಿ ಅತ್ಯಲ್ಪ. ಎರಡನೆಯದು ಪುಸ್ತಕದ ಆಕ್ಷೇಪ: ಕಂಪೆನಿ ಇಷ್ಟು ಗಂಟೆ ಓಡಿದ ಮೇಲೆ ಬದಲಿಸಿ ಎಂದಿದೆ, ಮೀಟರ್ ಇನ್ನೂ ಅಲ್ಲಿಗೆ ಬಂದಿಲ್ಲ. ಗಡುವು ಮಾದರಿಗೊಂದು ಇರುತ್ತದೆ; ಸಾವಿರ ಗಂಟೆ ಎಂದೇ ಇಟ್ಟುಕೊಳ್ಳಿ. ವರ್ಷಕ್ಕೆ 250 ಗಂಟೆ ಓಡುವ ಯಂತ್ರ ಅಲ್ಲಿಗೆ ತಲಪುವಾಗ ನಾಲ್ಕು ಮಳೆಗಾಲ ನೆನೆದಿರುತ್ತದೆ. ಗಂಟೆಯ ಲೆಕ್ಕ ಸವೆತಕ್ಕೆ ಸರಿ. ನಮ್ಮ ಯಂತ್ರಗಳು ಸವೆಯುವುದಕ್ಕಿಂತ ಹೆಚ್ಚು ನಿಂತಲ್ಲೇ ತುಕ್ಕು ಹಿಡಿಯುತ್ತವೆ, ಆ ಹೊತ್ತು ಯಾವ ಮೀಟರಿನಲ್ಲೂ ದಾಖಲಾಗುವುದಿಲ್ಲ. ಎತ್ತುತ್ತಾ ಇದೆಯಲ್ಲ, ಸುಮ್ಮನೆ ಯಾಕೆ ಕೆದಕುವುದು ಎಂಬ ಮೂರನೆಯ ಆಕ್ಷೇಪಕ್ಕೆ ಉತ್ತರ ಮೇಲೆಯೇ ಬಂದಿದೆ: ಇಲ್ಲಿ ಎತ್ತುವುದು ನಿಲ್ಲುವ ದಿನ ಹಾನಿ ಶುರುವಾದ ದಿನವಲ್ಲ.

ಹಿಮ ತಾನಾಗಿ ಬಂದು ಪರೀಕ್ಷೆ ಮಾಡದಿದ್ದರೆ ನಾವೇ ಒಂದು ದಿನ ಗೊತ್ತು ಮಾಡಿಕೊಳ್ಳಬೇಕು. ಯಾವ ದಿನ? ಮಳೆಗಾಲಕ್ಕೆ ಮೊದಲು ಎಂದು ಅನೇಕರು ಹೇಳುತ್ತಾರೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಮನೆಯ ಮಾಡು, ಸೌದೆ, ಟರ್ಪಾಲು ಎಲ್ಲವನ್ನೂ ಸರಿ ಮಾಡಿಕೊಳ್ಳುವ ರೂಢಿ ನಮ್ಮಲ್ಲಿದೆ, ಅದರ ಜೊತೆ ಎಣ್ಣೆಯನ್ನೂ ಬದಲಿಸಿಬಿಟ್ಟರಾಯಿತು ಎಂಬ ಎಣಿಕೆ. ಇದು ತಲೆಕೆಳಗಾದ ಲೆಕ್ಕ ಎನ್ನುತ್ತೇನೆ. ಮೇ ಕೊನೆಯಲ್ಲಿ ಹಾಕಿದ ಹೊಸ ಎಣ್ಣೆ ನಾಲ್ಕು ತಿಂಗಳು ನೀರು ಕುಡಿದು, ಆ ನೀರನ್ನು ಹೊತ್ತುಕೊಂಡೇ ಮುಂದಿನ ಎಂಟು ತಿಂಗಳು ಕಳೆಯುತ್ತದೆ. ಪತ್ತನಾಜೆಗೆ ಮಾಡಬೇಕಾದದ್ದು ಬಾಗಿಲು ಮುಚ್ಚುವ ಕೆಲಸ: ಹೊಸ ರಬ್ಬರ್ ಟೊಪ್ಪಿ, ಮುಚ್ಚಳದ ವಾಶರು, ಗಾಳಿಯಾಡುವ ಬ್ರೀದರ್ ಸ್ವಚ್ಛ ಮಾಡುವುದು, ಗೇರ್ ಲಿವರಿನ ಮೇಲೆ ಒಂದು ಪ್ಲಾಸ್ಟಿಕ್ ಕೊಡೆ. ಎಣ್ಣೆಯ ಲೆಕ್ಕ ನೋಡುವುದು ಮಳೆ ಹಿಂದೆ ಸರಿದ ಮೇಲೆ. ಅದಕ್ಕೆ ಹೊಸ ತಾರೀಖು ಹುಡುಕಬೇಕಾಗಿಯೂ ಇಲ್ಲ, ಆಯುಧಪೂಜೆ ಬರುವುದು ಸರಿಯಾಗಿ ಆ ಹೊತ್ತಿಗೆ. ವಿಪರ್ಯಾಸವೆಂದರೆ ಆ ದಿನ ನಾವು ಮಾಡುವುದು ಯಂತ್ರಕ್ಕೆ ಜೋರು ಸ್ನಾನ ಮಾಡಿಸಿ ಚೆಂಡುಹೂವಿನ ಮಾಲೆ ಹಾಕುವುದು. ಮಾಲೆ ಇರಲಿ. ಸ್ನಾನವನ್ನು ಒದ್ದೆ ಬಟ್ಟೆಯಲ್ಲಿ ಮುಗಿಸಿ, ಪೂಜೆಯ ಹಿಂದಿನ ದಿನ ಕೆಳಗಿನ ಪ್ಲಗ್ ಬಿಚ್ಚಿದರೆ ಆಯುಧಕ್ಕೆ ಹೆಚ್ಚು ಮರ್ಯಾದೆ ಕೊಟ್ಟಂತೆ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಯಂತ್ರ ಎರಡು ದಿನ ಅಲುಗಾಡದೆ ಸಮತಟ್ಟು ಜಾಗದಲ್ಲಿ ನಿಂತಿರಬೇಕು, ಲಿಫ್ಟ್ ಇಳಿದಿರಬೇಕು. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಪ್ಲಗ್ಗನ್ನು ಪೂರ್ತಿ ತೆಗೆಯದೆ ಸಡಿಲಿಸಿ, ಮೊದಲು ಬರುವ ಅರ್ಧ ಲೀಟರನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಬೇಕು. ಕೆಲವು ಹಳೆಯ ಮಾದರಿಗಳಿಗೆ ಒಂದಕ್ಕಿಂತ ಹೆಚ್ಚು ಪ್ಲಗ್ ಇರುತ್ತದೆ. ಒಂದನ್ನು ನೋಡಿ ಸಮಾಧಾನಪಟ್ಟುಕೊಳ್ಳಬಾರದು. ಬಾಟಲಿಯ ತಳದಲ್ಲಿ ನೀರು ಬೇರೆಯಾಗಿ ಕೂತರೆ ನೀವು ಅದೃಷ್ಟವಂತರು: ಅಷ್ಟನ್ನು ಹೊರಬಿಟ್ಟು ಉಳಿದ ಎಣ್ಣೆಯನ್ನು ಬಳಸಬಹುದು. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿ, ರಾತ್ರಿಯಿಡೀ ಇಟ್ಟರೂ ತಿಳಿಯಾಗದಿದ್ದರೆ ಅದು ಬೇರೆ ಕಥೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕಿರುವ ಟ್ರ್ಯಾಕ್ಟರುಗಳಿಗೆ ಬರುವ, ಗೇರಿಗೂ ಲಿಫ್ಟಿಗೂ ಒಂದೇ ಆಗಿರುವ ಎಣ್ಣೆಯಲ್ಲಿ ಸ್ವಲ್ಪ ನೀರನ್ನು ಹಿಡಿದಿಟ್ಟುಕೊಳ್ಳುವ ಗುಣವನ್ನು ಬೇಕೆಂದೇ ಬೆರೆಸಿರುತ್ತಾರೆ. ಅಲ್ಲಿ ನೀರು ತಳಕ್ಕೆ ಬರುವುದೇ ಇಲ್ಲ, ಬಸಿದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಬಣ್ಣ ನೋಡಿ ಅನುಮಾನ ಉಳಿದರೆ ಒಂದು ಹಳೆ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಬೆಂಕಿಯಿಂದ ಇಳಿಸಿ, ದೂರ ನಿಂತು ಎರಡು ಹನಿ ಬಿಟ್ಟರಾಯಿತು. ಒಗ್ಗರಣೆಯ ಸಾಸಿವೆಯಂತೆ ಚಟಪಟ ಎಂದರೆ ನೀರಿದೆ. ಸುಮ್ಮನೆ ಹೊಗೆಯಾಡಿದರೆ ಹೆದರಬೇಕಾದಷ್ಟಿಲ್ಲ. ಅಡುಗೆಯ ಕಾವಲಿಯನ್ನು ಇದಕ್ಕೆ ತಂದರೆ ಆಗುವ ಅನಾಹುತಕ್ಕೆ ಅಂಕಣಕಾರ ಹೊಣೆಯಲ್ಲ.

ಈ ಮಾತು ಟ್ರ್ಯಾಕ್ಟರಿಗೆ ಮುಗಿಯುವುದಿಲ್ಲ. ಹಳದಿರೋಗ ಬಂದು ಅಡಿಕೆ ಕಡಿದು ರಬ್ಬರೋ ಬೇರೇನೋ ಹಾಕುವ ತೋಟಗಳಲ್ಲಿ ಗುಡ್ಡ ತಟ್ಟು ಮಾಡುವುದು ಹಿಟಾಚಿಯೇ. ಕಂಪೆನಿ ಯಾವುದಾದರೂ ಮಣ್ಣು ಅಗೆಯುವ ಯಂತ್ರಕ್ಕೆ ನಮ್ಮೂರಲ್ಲಿ ಹೆಸರು ಹಿಟಾಚಿ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಗುಡ್ಡಗಳು ಜರಿದು ಮಡಿಕೇರಿ ರಸ್ತೆ ಮುಚ್ಚಿದಾಗ ಮಣ್ಣು ಸರಿಸಿದ್ದೂ ಇಂಥ ಯಂತ್ರಗಳೇ, ಅದೂ ಸುರಿಯುವ ಮಳೆಯಲ್ಲಿ. ಇವುಗಳಲ್ಲಿ ಎಣ್ಣೆಗೆ ಬೇರೆ ಟ್ಯಾಂಕ್ ಇರುತ್ತದೆ, ತಳದ ನೀರು ಬಿಡಲು ಜಾಗವೂ ಇರುತ್ತದೆ. ಅಪಾಯ ಹೆಚ್ಚಿರುವುದು ಹೊಳೆಯುವ ಸಿಲಿಂಡರ್ ದಂಡಗಳಲ್ಲಿ. ದಂಡವನ್ನು ಹೊರಗೆ ಚಾಚಿಯೇ ವಾರಗಟ್ಟಲೆ ಮಳೆಗೆ ಬಿಟ್ಟರೆ ಕ್ರೋಮಿನ ಮೇಲೆ ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ. ಮುಂದೆ ದಂಡ ಒಳಗೆ ಹೋಗಿ ಬರುವಾಗೆಲ್ಲ ಆ ಗುಳಿಗಳು ಸೀಲನ್ನು ಅರದಂತೆ ಉಜ್ಜುತ್ತವೆ, ಉಜ್ಜಿದ ಸೀಲಿನಿಂದ ಎಣ್ಣೆ ಹೊರಗೂ ನೀರು ಒಳಗೂ ಹೋಗುತ್ತದೆ. ನಿಲ್ಲಿಸುವಾಗ ಆದಷ್ಟು ದಂಡಗಳನ್ನು ಒಳಗೆಳೆದು, ಹೊರಗುಳಿದದ್ದಕ್ಕೆ ಗ್ರೀಸ್ ಬಳಿಯುವುದಕ್ಕೆ ಐದು ನಿಮಿಷ ಸಾಕು. ಇನ್ನೊಂದು ಮಾತು, ಸೋರಿಕೆ ಎಲ್ಲಿದೆ ಎಂದು ಹೋಸಿನ ಮೇಲೆ ಕೈಯಾಡಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ಸೂಜಿತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ನೋವು ಕಡಿಮೆಯಿದ್ದರೂ ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ ಅದು. ರಟ್ಟಿನ ತುಂಡು ಹಿಡಿದು ನೋಡಿ.

ಖರ್ಚಿನ ಪ್ರಶ್ನೆ ಉಳಿಯಿತು. ಪ್ರತಿ ವರ್ಷ ಮೂವತ್ತು ಲೀಟರ್ ಎಣ್ಣೆ ಸುರಿಯುವುದು ಹಳೆಯ ಟ್ರ್ಯಾಕ್ಟರಿನ ಬೆಲೆಗೆ ಹೊಂದುವ ಖರ್ಚಲ್ಲ ಎಂದರೆ ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಪ್ರತಿ ವರ್ಷ ಬಿಚ್ಚಿ ನೋಡಿ ಎಂದು. ಬದಲಿಸುವುದು ಬಾಟಲಿ ಹೇಳಿದರೆ ಮಾತ್ರ. ರಬ್ಬರ್ ಟೊಪ್ಪಿ ಗಟ್ಟಿಯಿದ್ದ ವರ್ಷ ಎಣ್ಣೆ ಉಳಿಯುತ್ತದೆ, ಎರಡರ ಬೆಲೆಗೂ ಹೋಲಿಕೆಯೇ ಇಲ್ಲ. ಆಯುಧಪೂಜೆಯ ನಂತರವೂ ಸಂಪಾಜೆಗೆ ಹಿಂಗಾರಿನ ಸಂಜೆಮಳೆ ಗುಡುಗುತ್ತಾ ಬರುತ್ತದಲ್ಲ ಎಂದರೆ, ಬರಲಿ, ದೀಪಾವಳಿ ಕಳೆದ ಮೇಲೆ ಒಂದು ಸಲ ಕಡ್ಡಿ ಎತ್ತಿ ಬಣ್ಣ ನೋಡಿದರೆ ಆಯಿತು. ಬಸಿದ ಎಣ್ಣೆಯಲ್ಲಿ ಸ್ವಲ್ಪವನ್ನು ಗೆದ್ದಲಿಗೆಂದು ಬೇಲಿಕಂಬದ ಬುಡಕ್ಕೆ ಬಳಿಯುವವರಿದ್ದಾರೆ. ಉಳಿದದ್ದನ್ನು ಕ್ಯಾನಿನಲ್ಲಿ ತುಂಬಿ ಹಳೆ ಎಣ್ಣೆ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಬೇಕು, ತೋಟದ ಕಣಿಗೆ ಚೆಲ್ಲಬಾರದು. ಆ ಕಣಿಯ ನೀರು ತೋಡು ಸೇರಿ, ತೋಡು ಪಯಸ್ವಿನಿ ಸೇರಿ, ಸುಳ್ಯದವರ ಬಾವಿ ಪಂಪುಗಳ ಹತ್ತಿರ ಹಾದುಹೋಗುತ್ತದೆ.